ಒಪ್ಪಿದ ಮಣ್ಣು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟಿದೆ. ಎರಡೂ ಕಡೆಯ ಮಾತನ್ನು ತೂಗಿ, ಸಮಾಧಾನವಾಗಿ ಬರೆದದ್ದು ಬೇಕಿದ್ದರೆ ಧಾತುಲೇಪ ಸಂಸ್ಥೆಯ ವರದಿ ಇದೆ. ನಲವತ್ತು ಪುಟ, ನುಣುಪು ಕಾಗದ. ಅದನ್ನೇ ಓದಿಕೊಳ್ಳಿ. ಅದರಲ್ಲಿ ನನ್ನ ಸೋದರಮಾವ ಮಾಣಿಕಪ್ಪ ಪಾಂಚಾಳನ ಹೆಸರು ಒಂದು ಕಡೆಯೂ ಬಂದಿಲ್ಲ. 'ಸಂವೇದನಾ ಪರೀಕ್ಷಕ' ಎಂದು ಹನ್ನೊಂದು ಸಲ ಬಂದಿದೆ.

ಮಾಮಾ ಬೀದರಿನ ಬಿದ್ರಿ ಕೆಲಸದವನು. ಸತು ಮತ್ತು ತಾಮ್ರದ ಎರಕ ಹೊಯ್ದು, ಮೇಲೆ ಉಳಿಯಿಂದ ಬಳ್ಳಿ ಹೂವು ಕೆತ್ತಿ, ಆ ಗೀರುಗಳೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಉಪ್ಪು ಕಲಸಿ ಬಿಸಿ ಪಾತ್ರೆಗೆ ಸವರಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದಕ್ಕೆ ಸಿಕ್ಕ ಸಿಕ್ಕ ಮಣ್ಣು ಆಗುವುದಿಲ್ಲ. ನೂರಾರು ವರ್ಷ ಬಿಸಿಲು ಮಳೆ ಕಾಣದ ಕೋಣೆಗಳ ಮಣ್ಣೇ ಬೇಕು, ಅದರಲ್ಲೂ ಎಲ್ಲವೂ ಒಂದೇ ಅಲ್ಲ. ಯಾವುದು ಆಗುತ್ತದೆ ಎಂದು ನಾಲಿಗೆಯಿಂದ ತಿಳಿಯಬೇಕು. ಖಾಲಿ ಹೊಟ್ಟೆಯಲ್ಲಿ ಒಂದು ಚಿಟಿಕೆ ನಾಲಿಗೆ ಮೇಲಿಟ್ಟು, ಅಂಗುಳಕ್ಕೆ ಒತ್ತಿ, ಬಾಯಿಂದ ಉಸಿರೆಳೆದು ನೋಡುತ್ತಾರೆ. ಆಗದ ಮಣ್ಣನ್ನು ಉಗುಳುತ್ತಾರೆ. ನಮ್ಮ ಅವ್ವನ ತವರಿನವರದು ಇನ್ನೊಂದು ಪದ್ಧತಿ ಇದೆ. ಆಗುವ ಮಣ್ಣನ್ನು ಅವರು ಉಗುಳುವಂತಿಲ್ಲ, ನುಂಗಬೇಕು.

"ಹೌದು ಅಂದಮ್ಯಾಲ ಉಗುಳಿದ್ರ ಮಣ್ಣಿಗಿ ಅವಮಾನ ಮಾಡ್ದಂಗ ಆಗ್ತದ," ಎನ್ನುತ್ತಿದ್ದ ಮಾಮಾ. ಅವನ ಅಪ್ಪ, ಅಜ್ಜ ಇಬ್ಬರೂ ನುಂಗಿದವರೇ. ಇಬ್ಬರೂ ಎಂಬತ್ತು ದಾಟಿದವರು.

ನಾನು ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹುಮನಾಬಾದ್ ರಸ್ತೆಯ ಧಾತುಲೇಪ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಆಗ ಪಶ್ಚಿಮ ಕರಾವಳಿಯ ಸಮುದ್ರದೊಳಗೆ ವಿದ್ಯುತ್ತಿಗಾಗಿ ಏಳು ಸಾವಿರ ಗಾಳಿಕಂಬಗಳನ್ನು ನೆಡುವ ಕೆಲಸ ನಡೆದಿತ್ತು. ಉಕ್ಕಿಗೆ ಸತುವಿನ ಲೇಪ ಕೊಟ್ಟರೂ ಉಪ್ಪುಗಾಳಿಗೆ ಎಂಟು ವರ್ಷದಲ್ಲಿ ತುಕ್ಕು ಹತ್ತುತ್ತಿತ್ತು. ಆಗ ಯಾರಿಗೋ ಹೊಳೆಯಿತು. ಬಿದ್ರಿ ಪಾತ್ರೆಯ ಕಪ್ಪು ಬಣ್ಣ ಬರೀ ಬಣ್ಣವಲ್ಲ, ಅದೊಂದು ಗಟ್ಟಿ ಚರ್ಮ. ಅದನ್ನು ಸತುವಿನ ಮೇಲೆ ಬೆಳೆಸಿದರೆ ಕಂಬ ಅರವತ್ತು ವರ್ಷ ಅಲುಗುವುದಿಲ್ಲ. ಆದರೆ ಕೋಟೆಯ ಮಣ್ಣು ಸಿಗುವುದು ಬೊಗಸೆ ಲೆಕ್ಕದಲ್ಲಿ, ಬೇಕಾದದ್ದು ಸಾವಿರಾರು ಟನ್. ಅಂದಮೇಲೆ ಆ ಮಣ್ಣನ್ನೇ ತಯಾರಿಸಿದರೆ?

ಆ ಮಣ್ಣಿನ ಗುಟ್ಟು ಅದರೊಳಗಿನ ಒಂದು ಖನಿಜದಲ್ಲಿದೆ. ಹಾಳೆ ಮೇಲೆ ಹಾಳೆ ಇಟ್ಟಂಥ ರಚನೆ, ನಡುವಿನ ಸಂದಿನಲ್ಲಿ ಲವಣ. ಕಾಯಿಸಿದಾಗ ಲವಣ ನಿಧಾನವಾಗಿ ಹೊರಬಂದು ಸತುವನ್ನು ಕಪ್ಪಾಗಿಸುತ್ತದೆ. ಒತ್ತಡದ ಪಾತ್ರೆಯಲ್ಲಿ ನಲವತ್ತು ಗಂಟೆ ಬೇಯಿಸಿ ಅದೇ ಹಾಳೆಗಳನ್ನು ನಾವು ಬೆಳೆಸಿದೆವು. ಯಂತ್ರಕ್ಕೆ ತೋರಿಸಿದರೆ ಎಲ್ಲ ಮಾದರಿಗಳೂ ಒಂದೇ. ಲೇಪಿಸಿ ನೋಡಿದರೆ ಕಪ್ಪು ಮಸಿಯಂತೆ ಕೈಗೆ ಅಂಟುತ್ತಿತ್ತು. ಒಂದು ಮಾದರಿ ಆಯಿತೋ ಇಲ್ಲವೋ ಎಂದು ತಿಳಿಯಲು ಉಪ್ಪಿನ ಮಂಜಿನ ಪೆಟ್ಟಿಗೆಯಲ್ಲಿ ತೊಂಬತ್ತು ದಿನ ಇಟ್ಟು ಕಾಯಬೇಕಿತ್ತು.

ಅಂಥ ಒಂದು ದಿನ, ನಮ್ಮ ಮುಖ್ಯಸ್ಥ ಡಾ. ಸುಧನ್ವ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ನಾನೇ ಬಾಯಿಬಿಟ್ಟೆ. "ನಮ್ಮ ಮಾಮಾ ನಾಲಿಗಿ ಮ್ಯಾಲ ಇಟ್ಟು ಹೇಳ್ತಾನ ಸರ್. ಒಂದು ನಿಮಿಷ ಸುದ್ಧಾ ಬೇಕಾಗಿಲ್ಲ."

ಇದನ್ನು ನಾನು ಮುಚ್ಚಿಡುವುದಿಲ್ಲ. ಅವನನ್ನು ಕರೆದುಕೊಂಡು ಹೋದವಳು ನಾನು. ಮೈಸೂರು ಕಡೆಯ ದೊಡ್ಡ ವಿಜ್ಞಾನಿಯೆದುರು ನಮ್ಮ ಮನೆತನದ ವಿದ್ಯೆ ತೋರಿಸುವ ಜಂಬ ನನಗಿತ್ತು.

ಮೊದಲು ಪರೀಕ್ಷೆಗೆಂದು, ಫಲಿತಾಂಶ ಗೊತ್ತಿದ್ದ ನಲವತ್ತು ಹಳೆಯ ಮಾದರಿಗಳನ್ನು ಹೆಸರಿಲ್ಲದೆ ಕೊಟ್ಟರು. ನಡುನಡುವೆ ಕೋಟೆಯ ಅಸಲಿ ಮಣ್ಣನ್ನೂ ಬೆರೆಸಿದ್ದರು. ಮಾಮಾ ಮೂವತ್ತೊಂಬತ್ತನ್ನು ಸರಿಯಾಗಿ ಹೇಳಿದ. ತಪ್ಪಿದ ಒಂದರ ಡಬ್ಬಿಗೆ ನಮ್ಮವರೇ ತಪ್ಪು ಚೀಟಿ ಅಂಟಿಸಿದ್ದರೆಂದು ಮರುದಿನ ಗೊತ್ತಾಯಿತು. ಸುಧನ್ವ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡರು.

"ಮಾಣಿಕಪ್ಪನವರೇ, ನಿಮ್ಮ ನಾಲಿಗೆ ಮುಂದೆ ನಮ್ಮ ಯಂತ್ರ ಎಲ್ಲ ಗುಜರಿಗೆ ಹಾಕ್ಬೇಕು ನೋಡಿ!"

"ಹಾಕ್ರಿ ಸಾಹೇಬ್ರ, ನಮ್ಮ ಎರಕಕ್ಕ ಬರ್ತಾವ," ಎಂದು ಮಾಮಾ ನಕ್ಕ.

ಅಂದಿನಿಂದ ಅವನಿಗೆ ಪ್ರಯೋಗಾಲಯದ ಕಿಟಕಿಯ ಪಕ್ಕ ಒಂದು ಕುರ್ಚಿ. ಪಕ್ಕದಲ್ಲಿ ಮನೆಯಿಂದ ತಂದ ಹಿತ್ತಾಳೆ ಚೊಂಬು, ಉಗುಳಲು ಸ್ಟೀಲಿನ ತಟ್ಟೆ. ಕೋಣೆಯಲ್ಲಿ ನಾವು ಆರು ಜನ. ಆರೂ ಜನಕ್ಕೆ ಕೈಗವಸು, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ. ಏಳನೆಯವನು ಬರಿಗೈಯಲ್ಲಿ, ಬರಿಬಾಯಿಯಲ್ಲಿ. ಕೈಗವಸು ಹಾಕಿದ ಕೈಯಿಂದ ನಾನು ಚಮಚದಲ್ಲಿ ಪುಡಿ ಕೊಡುತ್ತಿದ್ದೆ, ಅವನು ನಾಲಿಗೆ ಚಾಚುತ್ತಿದ್ದ. ಆ ಚಿತ್ರದಲ್ಲಿ ಏನು ತಪ್ಪಿದೆ ಎಂದು ನನ್ನ ಎಂ.ಎಸ್ಸಿ. ತಲೆಗೆ ಹೊಳೆಯಲಿಲ್ಲ. ಮಣ್ಣು ತಿನ್ನುವುದು ನಮ್ಮ ಮನೆಯಲ್ಲಿ ಹೊಸದಲ್ಲವಲ್ಲ.

ನಾಲಿಗೆ ಕೆಲಸದಲ್ಲಿದ್ದಾಗ ಮಾಮಾ ಮಾತಾಡುತ್ತಿರಲಿಲ್ಲ. ಅದನ್ನು ಗಮನಿಸಿದ ಸುಧನ್ವ ದಾಖಲೆ ಪುಸ್ತಕದಲ್ಲಿ ತಾವೇ ಎರಡು ಕಾಲಂ ಹಾಕಿಸಿದರು. ಒಂದರ ತಲೆಯಲ್ಲಿ 'ಉಗುಳಿದರು', ಇನ್ನೊಂದರಲ್ಲಿ 'ನುಂಗಿದರು'. ಅಡ್ಡಗೀಟು ಹಾಕುವ ಕೆಲಸ ನನ್ನದು.

ಮೂರು ತಿಂಗಳು ಎರಡನೆಯ ಕಾಲಂ ಖಾಲಿ ಇತ್ತು. "ಬೇಯಲಾರದ ಬ್ಯಾಳಿ ಇದ್ದಂಗ ಅದ ನಿಮ್ಮ ಮಣ್ಣು," ಎಂದು ಮಾಮಾ ಉಗುಳುತ್ತಲೇ ಇದ್ದ. ಆಮೇಲೆ ಸುಧನ್ವ ಪಾಕಕ್ಕೆ ಹೊಸದೊಂದು ಪದಾರ್ಥ ಸೇರಿಸಿದರು. ಅದಕ್ಕೆ ಹೆಸರಿಲ್ಲ, 'ಸಂಯೋಜಕ ಹನ್ನೊಂದು' ಎಂಬ ಸಂಖ್ಯೆ ಮಾತ್ರ. ಪೇಟೆಂಟಿನ ಗುಟ್ಟು, ಯಾರೂ ಕೇಳುವಂತಿಲ್ಲ. ಹಾಳೆಗಳ ನಡುವಿನ ಸಂದನ್ನು ಅದು ಸರಿಯಾದ ಅಳತೆಗೆ ಹಿಡಿದಿಡುತ್ತದೆ ಎಂದಷ್ಟೇ ಹೇಳಿದರು.

ಅದರ ಮೊದಲ ಮಾದರಿ ಬಾಯಿಗಿಟ್ಟಾಗ ಮಾಮಾ ಉಸಿರೆಳೆದ. ಇನ್ನೊಮ್ಮೆ ಎಳೆದ. ಅವನು ಕಣ್ಣು ಮುಚ್ಚಿ ನುಂಗಿದ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪೇಢೆ ತರಿಸಿದೆವು. ನಾನು ಎರಡನೆಯ ಕಾಲಮಿನಲ್ಲಿ ಮೊದಲ ಗೀಟು ಹಾಕಿದೆ. ಆ ಗೀಟು ಹಾಕುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹೆಮ್ಮೆಯಿಂದ. ಥೂ ನನ್ನ ಹೆಮ್ಮೆಗೆ.

ಆ ವಾರವೇ ನಮಗೆಲ್ಲ ಹೊಸ ಕೈಗವಸು ಬಂದವು. ದಪ್ಪನೆಯವು, ಮೊಣಕೈವರೆಗಿನವು, ಒಂದರ ಮೇಲೊಂದು ಎರಡು ಜೊತೆ ಹಾಕಬೇಕೆಂದು ಆದೇಶ. ಮಾಮಾನಿಗೂ ಒಂದು ವಸ್ತು ಬಂತು. ಕುರ್ಚಿಗೆ ಮೆತ್ತೆ.

ಐದು ತಿಂಗಳು ಹೀಗೇ ನಡೆಯಿತು. ಪಾಕ ಸುಧಾರಿಸಿದಷ್ಟೂ ಅವನು ನುಂಗುವುದು ಹೆಚ್ಚಾಯಿತು. ಒಳ್ಳೆಯ ದಿನಗಳಲ್ಲಿ ಎಂಟು, ಒಂಬತ್ತು ಮಾದರಿ.

ಒಂದು ಭಾನುವಾರ ಮಧ್ಯಾಹ್ನ ಮಾಮಾನ ಮನೆಗೆ ಹೋದೆ. ಅವನು ಹಾಸಿಗೆ ಮೇಲೆ ಕಾಲು ಚಾಚಿ ಕುಳಿತಿದ್ದ, ಚಾದರವನ್ನು ಕಾಲಿಗೆ ತಾಕದಂತೆ ಸರಿಸಿದ್ದ.

"ಅಂಗಾಲು ಉರಿಲತಾವ ಜಗದೇವಿ. ಕೆಂಡದ ಮ್ಯಾಲ ಇಟ್ಟಂಗ ಆಗ್ಲತದ. ಅರಿವಿ ತಾಕಿದ್ರೂ ತಡಿಯಲಾಕ ಆಗ್ಲತಿಲ್ಲ."

ಮಾಮಿ ಸುಂದ್ರಾಬಾಯಿ ಒಳಗಿನಿಂದ ದಿಂಬು ತಂದು ನನ್ನ ಮುಂದೆ ಹಿಡಿದಳು. ಅದರ ತುಂಬ ಕೂದಲು. "ಮುಂಜಾನೆ ಎದ್ರ ಇಷ್ಟಿಷ್ಟು ಉದುರಿರ್ತಾವ. ನಾ ಸಾಬಾನ ಬದಲ ಮಾಡ್ದಿ. ಎಣ್ಣಿ ಬದಲ ಮಾಡ್ದಿ. ನೀ ಓದ್ದಾಕಿ ಇದ್ದಿ, ಇದೇನು ಹೇಳು."

"ಡಾಕ್ಟರ್ ಏನಂದ್ರು?"

"ಸಕ್ಕರಿ ಬ್ಯಾನಿ ಸುರು ಆಗ್ಯದ ಅಂದ್ರು. ಗುಳಿಗಿ ಕೊಟ್ಟಾರ. ಸಕ್ಕರಿ ನೋಡಿದ್ರ ಬರೋಬ್ಬರಿ ಅದ. ಊಟಾನೂ ರುಚಿ ಹತ್ತಲ್ಲ ಅಂತಾರ. ಮೊನ್ನಿ ಸಾರಿಗಿ ಎರಡು ಸಲ ಉಪ್ಪು ಹಾಕೊಂಡ್ರು."

"ಹಂಗ್ಯಾಕ ಹೆದರ್ಸ್ತಿ ಆ ಪೋರಿಗಿ," ಎಂದ ಮಾಮಾ, "ನಿನ್ನ ಸಾರಿಗಿ ಮೊದಲಿಂದ ಉಪ್ಪು ಕಮ್ಮಿನೇ."

ನಾನು ಅವನ ಕೈ ಹಿಡಿದುಕೊಂಡೆ. ಹತ್ತೂ ಉಗುರುಗಳ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ ಎದ್ದಿತ್ತು. ಕೂದಲು, ಅಂಗಾಲಿನ ಉರಿ, ಉಗುರಿನ ಬಿಳಿ ಪಟ್ಟೆ. ಈ ಮೂರನ್ನೂ ಒಟ್ಟಿಗೆ ನಾನು ಎಲ್ಲೋ ಓದಿದ್ದೆ. ವಿಷಗಳ ಪಾಠದಲ್ಲಿ ಎಂದು ನೆನಪಾಯಿತು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಉಗ್ರಾಣದವನಿಗೆ ಸುಳ್ಳು ಹೇಳಿ ಕೀಲಿ ಇಸಿದುಕೊಂಡೆ. ಸಂಯೋಜಕ ಹನ್ನೊಂದರ ಡ್ರಮ್ಮಿನ ಮೇಲೆ ನಮ್ಮ ಸಂಸ್ಥೆಯ ಚೀಟಿ ಇತ್ತು. ಉಗುರಿನಿಂದ ಅದನ್ನು ಕಿತ್ತೆ. ಕೆಳಗೆ ತಯಾರಕರ ಅಸಲಿ ಚೀಟಿ, ತಲೆಬುರುಡೆಯ ಚಿತ್ರ, ಹೆಸರು. ಥ್ಯಾಲಿಯಂ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಿಂದಿನ ಕಾಲದಲ್ಲಿ ಇಲಿ ಪಾಷಾಣಕ್ಕೆ ಬಳಸುತ್ತಿದ್ದರು. ದೇಹ ಇದನ್ನು ಪೊಟ್ಯಾಸಿಯಂ ಎಂದು ನಂಬಿ ನರನರಕ್ಕೂ ಕರೆದೊಯ್ಯುತ್ತದೆ.

ಪಕ್ಕದಲ್ಲೇ ಸುರಕ್ಷತಾ ಪತ್ರ ಇತ್ತು. ಎರಡು ಜೊತೆ ಕೈಗವಸು ಕಡ್ಡಾಯ, ಬಾಯಿಗೆ ಹೋಗದಂತೆ ಎಚ್ಚರ ವಹಿಸತಕ್ಕದ್ದು. ಕೆಳಗೆ ಡಾ. ಸುಧನ್ವ ಅವರ ಸಹಿ. ತಾರೀಖು ನಾವು ಪೇಢೆ ತಿಂದ ದಿನಕ್ಕಿಂತ ನಾಲ್ಕು ದಿನ ಹಿಂದಿನದು.

ಅವರು ಬರುವವರೆಗೆ ಅವರ ಕೋಣೆಯಲ್ಲೇ ನಿಂತಿದ್ದೆ. ಪತ್ರವನ್ನು ಮೇಜಿನ ಮೇಲಿಟ್ಟೆ.

"ಕೂತ್ಕೊಳ್ಳಿ ಜಗದೇವಿ. ಸ್ವಲ್ಪ ನೀರು ಕುಡೀರಿ."

"ನಿಮಗ ಗೊತ್ತಿತ್ತು."

"ನೋಡಿ, ಅದು ಹರಳಿನೊಳಗೆ ಬಂಧಿಯಾಗಿರುತ್ತೆ. ಬಾಯಲ್ಲಿ ಹತ್ತು ಸೆಕೆಂಡ್ ಇಟ್ಟು ಉಗುಳಿದ್ರೆ ಏನೂ ಆಗಲ್ಲ ಅಂತ ನಮ್ಮ ಅಂದಾಜು. ಹೊಟ್ಟೆಯ ಆಮ್ಲಕ್ಕೆ ಬಿದ್ರೆ ಮಾತ್ರ ಬಿಟ್ಕೊಳ್ಳುತ್ತೆ. ಅವರು ಸಹಿ ಹಾಕಿರೋ ಫಾರಂನಲ್ಲೂ ಮಾದರಿಯನ್ನು ಉಗುಳತಕ್ಕದ್ದು ಅಂತಲೇ ಇದೆ."

"ಆ ಫಾರಂ ಇಂಗ್ಲಿಷಿನ್ಯಾಗ ಅದ ಸರ್."

"ನುಂಗಿ ಅಂತ ನಾವು ಹೇಳಿದ್ವಾ?"

"'ನುಂಗಿದರು' ಅಂತ ಕಾಲಂ ಹಾಕ್ಸಿದವರು ಯಾರು?"

ಅವರು ಕನ್ನಡಕ ತೆಗೆದು ಒರೆಸಿದರು. "ಅದು ಗಮನಿಸಿದ್ದನ್ನ ಬರ್ಕೊಂಡಿದ್ದು, ಅಷ್ಟೇ. ಸೂಚನೆ ಅಲ್ಲ. ಅವರ ಸಂಪ್ರದಾಯದಲ್ಲಿ ನಾವು ತಲೆಹಾಕೋದು ಸರಿಯಲ್ಲ ಅಂತ ನನಗನ್ನಿಸ್ತು."

ಸಂಪ್ರದಾಯ! ನಮ್ಮ ಮನೆಯ ಪದ್ಧತಿಗೆ ಜಗತ್ತಿನಲ್ಲಿ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕು ಆಟವನ್ನೂ ಆಡುತ್ತಿರಲಿಲ್ಲ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿತ್ತು. ಮಾಮಾನ ಗಂಟಲು ಅವರಿಗೆ ಅಳತೆ ಯಂತ್ರದ ಮುಳ್ಳಾಗಿತ್ತು. ಅದು ಇಳಿದರೆ ಪಾಕ ಗೆದ್ದಿತು. ನುಂಗಬೇಡಿ ಎಂದರೆ ಮುಳ್ಳು ಕೆಟ್ಟುಹೋಗುತ್ತಿತ್ತು.

ನಾನು ಬಾಗಿಲಿಗೆ ಹೋದಾಗ ಅವರು ಹಿಂದಿನಿಂದ ಕೇಳಿದರು, ತೀರಾ ಮೆಲ್ಲಗೆ, ಸಂಕೋಚದಿಂದ ಎಂಬಂತೆ. "ಜಗದೇವಿ, ನಿಮ್ಮ ಮನೆತನದಲ್ಲಿ ಈ ವಿದ್ಯೆ ಇನ್ಯಾರಿಗಾದ್ರೂ ಬರುತ್ತಾ?"

ನಾನು ಅವರನ್ನು ಹೊಡೆಯಲಿಲ್ಲ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪ ಪಡುತ್ತೇನೆ. ದಾಖಲೆ ಪುಸ್ತಕವನ್ನು ವೇಲ್‌ನೊಳಗೆ ಸುತ್ತಿಕೊಂಡು ಹೊರಗೆ ಬಂದೆ.

ಅಂದೇ ಮಾಮಾನನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಈ ವಿಷಕ್ಕಿರುವ ಮದ್ದು ಪ್ರಷ್ಯನ್ ನೀಲಿ ಎಂಬ ಬಣ್ಣ. ಅದೂ ಪ್ರಯೋಗಾಲಯದಲ್ಲಿ ಹುಟ್ಟಿದ ಹರಳೇ. ಅದರ ಗೂಡುಗಳು ಕರುಳಿನಲ್ಲಿ ಥ್ಯಾಲಿಯಮ್ಮನ್ನು ಹಿಡಿದು ಹೊರಗೆ ಹಾಕುತ್ತವೆ. ಮನುಷ್ಯ ಮಾಡಿದ ಹರಳಿನ ಮೇಲೆ ನನಗೆ ಜಗಳವಿಲ್ಲ ಎಂದು ಹೇಳಲು ಇದನ್ನು ಬರೆದೆ. ಜಗಳ ಇರುವುದು ಮನುಷ್ಯರ ಮೇಲೆ.

ಮೂರನೆಯ ದಿನ, ಆ ಮದ್ದಿನಿಂದ ತುಟಿಯೆಲ್ಲ ನೀಲಿಯಾಗಿ ಮಲಗಿದ್ದ ಮಾಮಾನಿಗೆ ಎಲ್ಲವನ್ನೂ ಹೇಳಿದೆ. ಪುಸ್ತಕವನ್ನೂ ತೋರಿಸಿದೆ. ಇನ್ನೂರ ಅರವತ್ತಕ್ಕೂ ಹೆಚ್ಚು ಗೀಟುಗಳು, ಎಲ್ಲ ನನ್ನ ಕೈಯವು. ಬೈಯಲಿ ಎಂದು ಕಾದೆ. ಮಾಮಿ ಮಾತ್ರ ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿ ಕುಳಿತಳು.

ಪುಸ್ತಕ ಮುಚ್ಚಿಟ್ಟು ಮಾಮಾ ಕೇಳಿದ. "ನನ್ನ ನಾಲಗಿ ತಪ್ಪು ಹೇಳ್ತೇನು?"

"ಇಲ್ಲ ಮಾಮಾ. ನೀ ಒಪ್ಪಿದ್ದರಾಗ ತೊಂಬತ್ತು ದಿನ ಮುಗಿದದ್ದೆಲ್ಲ ತಡೀತು. ಒಂದೂ ತಪ್ಪಿಲ್ಲ."

"ಆ ವಿಷಕ್ಕ ರುಚಿ ಇರಲಿಲ್ಲಲ್ಲ."

"ಅದಕ್ಕ ರುಚಿನೇ ಇರಲ್ಲ."

"ಹಂಗಿದ್ರ ಗೊತ್ತಿದ್ದವ್ರು ಬಾಯಿಬಿಟ್ಟು ಹೇಳಬೇಕಿತ್ತು," ಎಂದ. ಆಮೇಲೆ ಆ ವಿಷಯ ಎತ್ತಲಿಲ್ಲ.

ಅವನ ಜೀವ ಉಳಿಯಿತು. ಬೆರಳುಗಳು ಉಳಿಯಲಿಲ್ಲ, ಅಂದರೆ ಇವೆ, ಉಳಿ ಹಿಡಿದರೆ ಜಾರಿ ಬೀಳುತ್ತದೆ. ನಾಲಿಗೆಗೆ ಬೆಲ್ಲವೂ ಒಂದೇ, ಬೂದಿಯೂ ಒಂದೇ. ಮಾತು ಸ್ವಲ್ಪ ತೊದಲುತ್ತದೆ. ಮನೆಯಲ್ಲಿ ಅರ್ಧ ಕೆತ್ತಿದ ಸುರಾಹಿ, ಉದ್ದ ಕತ್ತಿನ ಹೂಜಿಯೊಂದಿತ್ತು. ಮಾಮಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದಾಳೆ.

ನಾನು ಪುಸ್ತಕದ ಒಂದೊಂದು ಪುಟದ ಪ್ರತಿ ಮಾಡಿಸಿ ಕಾರ್ಖಾನೆ ಇಲಾಖೆಗೆ ಕೊಟ್ಟೆ. ನನ್ನ ಮೇಲೆ ಕಳ್ಳತನದ ದೂರು ದಾಖಲಾಯಿತು, ಕೆಲಸ ಹೋಯಿತು. ಸಂಸ್ಥೆ ತಾನೇ ಒಂದು ತನಿಖಾ ಸಮಿತಿ ಮಾಡಿಕೊಂಡು, ಎಲ್ಲರ ಕಣ್ಣಿಗೆ ಮಣ್ಣೆರಚಿ, 'ಪರೀಕ್ಷಕರ ವೈಯಕ್ತಿಕ ಅಭ್ಯಾಸದಿಂದ ಆದ ಅಚಾತುರ್ಯ' ಎಂದು ಬರೆಯಿತು. ಇಲಾಖೆಯ ವಿಚಾರಣೆ ಇನ್ನೂ ನಡೆಯುತ್ತಲೇ ಇದೆ. ಕರಾವಳಿಯಲ್ಲಿ ಕಪ್ಪು ಕಂಬಗಳು ಏಳುತ್ತಿವೆ. ಚಂದವಾಗಿಯೇ ಇವೆ, ಪತ್ರಿಕೆಯಲ್ಲಿ ಫೋಟೋ ನೋಡಿದೆ.

ಹೋದ ವಾರ ಅದೇ ಪತ್ರಿಕೆಯಲ್ಲಿ ಜಾಹೀರಾತು ಬಂತು. ಧಾತುಲೇಪ ಸಂಸ್ಥೆಗೆ ಹನ್ನೆರಡು ಸಂವೇದನಾ ಪರೀಕ್ಷಕರು ಬೇಕಾಗಿದ್ದಾರೆ. ವಿದ್ಯಾರ್ಹತೆ ಅಗತ್ಯವಿಲ್ಲ. ಬಿದ್ರಿ ಮನೆತನದವರಿಗೆ ಆದ್ಯತೆ. ಗುಟ್ಕಾ ಚಟ ಇರಬಾರದು. ಕೊನೆಗೆ ದಪ್ಪ ಅಕ್ಷರದಲ್ಲಿ, ಈ ಸಲ ಕನ್ನಡದಲ್ಲೇ, ಮಾದರಿಯನ್ನು ಕಡ್ಡಾಯವಾಗಿ ಉಗುಳತಕ್ಕದ್ದು.

ನಾನು ಓದಿ ಹೇಳಿದಾಗ ಮಾಮಾ ಎದ್ದು ಗೋಡೆ ಹಿಡಿದುಕೊಂಡು ನಿಂತ. "ಆಟೋ ತರಸು," ಎಂದ.

"ಎಲ್ಲಿಗ್ರಿ? ಕಾಲು ಊರಲಾಕ ಬರಲ್ಲ ನಿಮಗ," ಎಂದಳು ಮಾಮಿ.

"ತರಸು ಅಂದಿ ನಾ."

ಗೇಟಿನ ಮುಂದೆ ಬೆಳಗಿನ ಒಂಬತ್ತಕ್ಕೇ ಸಾಲು ಇತ್ತು. ಐವತ್ತು ಜನರಾದರೂ ಇದ್ದರು, ಕೈಯಲ್ಲಿ ಅರ್ಜಿ, ಆಧಾರ್ ಕಾರ್ಡಿನ ಪ್ರತಿ. ಅರ್ಧಕ್ಕರ್ಧ ನಮ್ಮ ಓಣಿಯವರೇ. ಮಾಮಾನ ಅಂಗಡಿಯಲ್ಲಿ ತಂತಿ ಬಡಿಯಲು ಕಲಿತವರೂ ಇದ್ದರು, ಅವನನ್ನು ನೋಡಿ ಕೆಲವರು ಮುಖ ತಿರುಗಿಸಿದರು. ಗಾಳಿಕಂಬಗಳ ದೊಡ್ಡ ಚಿತ್ರದ ಕೆಳಗೆ ನೆರಳಿಗೆಂದು ಶಾಮಿಯಾನ ಹಾಕಿಸಿದ್ದರು, ಕುಡಿಯಲು ನೀರಿನ ಕ್ಯಾನ್ ಇಟ್ಟಿದ್ದರು.

ಮಾಮಾ ನನ್ನ ಹೆಗಲು ಹಿಡಿದು ಸಾಲಿನ ಉದ್ದಕ್ಕೂ ನಡೆದ. ಒಂದೊಂದು ಹೆಜ್ಜೆಗೂ ಹಲ್ಲು ಕಚ್ಚುತ್ತಿದ್ದ. ಟೊಪ್ಪಿಗೆ ತೆಗೆದು ತಲೆ ತೋರಿಸಿದ. ಎರಡೂ ಕೈ ಚಾಚಿ ಉಗುರು ತೋರಿಸಿದ. ಪ್ರತಿಯೊಬ್ಬರ ಮುಂದೆಯೂ ನಿಂತು ತೊದಲುತ್ತಾ ಅದನ್ನೇ ಹೇಳಿದ. "ನೋಡ್ರಪ್ಪಾ. ಇದು ಅವರ ಮಣ್ಣಿಂದೇ ಆಗಿದ್ದು. ನಾನೂ ಇಲ್ಲೇ ಕುಂತಿದ್ದಿ." ಗೇಟಿನ ಕಾವಲುಗಾರ ಬಂದು ನನಗೆ ಏನೋ ಹೇಳಹೊರಟ. ನಾನು ನೋಡಿದ ರೀತಿಗೆ ಸುಮ್ಮನೆ ಹಿಂದಕ್ಕೆ ಹೋದ.

ಸಾಲಿನ ನಡುವೆ ಇಪ್ಪತ್ತರ ಒಬ್ಬ ಹುಡುಗಿ ಇದ್ದಳು. ಅರ್ಜಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅವಳು ಮಾಮಾನ ಉಗುರುಗಳನ್ನು ಬಗ್ಗಿ ಸರಿಯಾಗಿಯೇ ನೋಡಿದಳು. ಆಮೇಲೆ ತಲೆ ಎತ್ತಿ, ಗೌರವದಿಂದಲೇ ಕೇಳಿದಳು.

"ನೀವು ನುಂಗಿದ್ರಂತಲ್ಲ ಕಾಕಾ. ಉಗುಳಿದ್ರ ಏನೂ ಆಗಲ್ಲ, ಹೌದಿಲ್ಲರಿ?"

ನಾನು ಮಾಮಾನ ಮುಖ ನೋಡಿದೆ. ಅರವತ್ತೊಂದು ವರ್ಷದಲ್ಲಿ ಯಾರಿಗೂ ಒಂದು ಬಿರುನುಡಿ ಆಡದ ಮನುಷ್ಯ, ಆಸ್ಪತ್ರೆಯಲ್ಲೂ ಯಾರನ್ನೂ ಬೈಯದ ಮನುಷ್ಯ. ನನ್ನ ಹೆಗಲ ಮೇಲಿನ ಕೈ ತೆಗೆದು ಗೇಟಿನ ಒಳಗಡೆ, ಗಾಜಿನ ಕಟ್ಟಡದ ಕಡೆ ತೋರಿಸಿದ.

"ಉಗುಳು ತಾಯಿ," ಎಂದ. ಆ ಒಂದು ಮಾತು ಮಾತ್ರ ತೊದಲಲಿಲ್ಲ. "ಒಳಗ ಹೋಗಿ ಅವರ ಮಾರಿ ಮ್ಯಾಲ ಉಗುಳು."

ಹುಡುಗಿ ಅರ್ಜಿಯನ್ನು ಎರಡಾಗಿ ಮಡಚಿ, ಸಾಲು ಬಿಟ್ಟು ಈಚೆ ಬಂದಳು. ಅವಳ ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಸರಿದರು.